ದೀಪ ಹಚ್ಚುವ ಹೊತ್ತಿನ ರಿಂಗು

ನನ್ನ ಕೆಲಸ ಏನೆಂದು ಬೀದರಿನ ನಮ್ಮ ಓಣಿಯಲ್ಲಿ ಯಾರಿಗೂ ಕೊನೆಯವರೆಗೆ ತಿಳಿಯಲಿಲ್ಲ. ಪಾಲಿಟೆಕ್ನಿಕ್ ಮುಗಿಸಿದ ಹುಡುಗಿ ಬೆಳಗಾಗುತ್ತಲೇ ಜೀಪು ಹತ್ತುತ್ತಾಳೆ, ಯಾವುದೋ ಹೊಲದ ಬದುವಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ, ಸಂಜೆ ಮೈತುಂಬ ಧೂಳು ಹೊತ್ತು ಮನೆಗೆ ಬರುತ್ತಾಳೆ. ಅವರಿಗೆ ಕಾಣುತ್ತಿದ್ದದ್ದು ಇಷ್ಟೇ. ಯಾರಾದರೂ ಕೇಳಿದರೆ ಅವ್ವ, "ಗಾಳ್ಯಾಗ ಏನೋ ಹುಡುಕ್ತಾಳರಿ, ಇನ್ನಾ ಸಿಕ್ಕಿಲ್ಲಂತ" ಎಂದು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲಸ ಹೇಳಿಕೊಳ್ಳುವಷ್ಟು ಕಷ್ಟದ್ದೇನಲ್ಲ. ಮೊಬೈಲ್ ಟವರು ನಮ್ಮ ಮಾತನ್ನು, ಅಕ್ಷರವನ್ನು ಅಲೆಯ ಮೇಲೆ ಏರಿಸಿ ಕಳಿಸುತ್ತದೆ. ದಾರಿಯಲ್ಲಿ ಆ ಅಲೆ ಕೆಡಬಹುದು. ಕೇಬಲ್ಲಿನ ಜೋಡಣೆ ಸಡಿಲಾಗಿರಬಹುದು, ಟವರಿನೊಳಗಿನ ಗಡಿಯಾರ ತಪ್ಪಿರಬಹುದು, ಪಕ್ಕದ ಟವರು ಅದೇ ತರಂಗದಲ್ಲಿ ಕೂಗುತ್ತಿರಬಹುದು. ನನ್ನ ಲ್ಯಾಪ್‌ಟಾಪಿನ ಸಾಫ್ಟ್‌ವೇರು ಆ ಅಲೆಯನ್ನು ಬಿಡಿಸಿ ಪರದೆಯ ಮೇಲೆ ಎಂಟು ಜಾಗಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುತ್ತಿತ್ತು. ಸಿಗ್ನಲ್ ಚೆನ್ನಾಗಿದ್ದರೆ ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಗುಂಪಾಗಿ ಕೂರುತ್ತವೆ. ಕೆಟ್ಟಿದ್ದರೆ ಕಣದಲ್ಲಿ ಚೆಲ್ಲಿದ ಜೋಳದಂತೆ ಎಲ್ಲೆಂದರಲ್ಲಿ ಬೀಳುತ್ತವೆ. ಚುಕ್ಕೆ ಎಷ್ಟು ದೂರ ಜಾರಿದೆ, ಯಾವ ಕಡೆ ಜಾರಿದೆ ಎಂದು ನೋಡಿ ರೋಗ ಹೇಳುವುದು ನನ್ನ ಕೆಲಸ.

ಬರಗಾಲ ಎಲ್ಲರಿಗೂ ಬಾವಿಯಲ್ಲಿ ಕಾಣಿಸಿತು, ನನಗೆ ಕಂಪ್ಯೂಟರಿನಲ್ಲಿ ಕಾಣಿಸಿತು. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಔರಾದ್ ತಾಲ್ಲೂಕಿನ ಟವರುಗಳ ಬಳಕೆಯ ಗೆರೆ ಒಂದೊಂದಾಗಿ ಕೆಳಗಿಳಿಯತೊಡಗಿತು. ಅದೇ ದಿನಗಳಲ್ಲಿ ಭಾಲ್ಕಿ ರೈಲ್ವೆ ಸ್ಟೇಷನ್ ಪಕ್ಕದ ಟವರಿನ ಗೆರೆ ಮೇಲೇರಿತು. ಗಂಟುಮೂಟೆಯೊಂದಿಗೆ ಪ್ಲಾಟ್‌ಫಾರಂ ಮೇಲೆ ಕೂತವರು ರೈಲು ಬರುವ ಮುಂಚೆ ಯಾರಿಗೋ ಏನೋ ಹೇಳಿಕೊಳ್ಳುತ್ತಿದ್ದರು. ನಮ್ಮ ಕಚೇರಿಯಲ್ಲಿ ಇದಕ್ಕೆ 'ಬಳಕೆ ಕುಸಿತ' ಎಂಬ ಹೆಸರಿತ್ತು. ಊರು ಬಿಟ್ಟು ಹೋದವರಿಗೆ ಬೇರೆ ಹೆಸರೇ ಇರಲಿಲ್ಲ.

ಸಂತಪುರದಾಚೆ, ಮಹಾರಾಷ್ಟ್ರದ ಗಡಿಗೆ ಹತ್ತಿರ, ಒಂದು ಸಣ್ಣ ಊರಿದೆ. ಹೆಸರು ಬೇಡ. ಅಲ್ಲಿನ ಟವರಿನ ಗೆರೆ ನೆಲಕ್ಕೇ ಅಂಟಿತ್ತು. ಆದರೆ ಆ ಊರಿನಿಂದಲೇ ಮತ್ತೆ ಮತ್ತೆ ದೂರು ಬರುತ್ತಿತ್ತು: ಸಂಜೆ ಹೊತ್ತು ಫೋನು ಹತ್ತುವುದಿಲ್ಲ. ಕಲಬುರಗಿಯಲ್ಲಿ ಕೂತ ನಮ್ಮ ಮೇಲಧಿಕಾರಿ ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಹೇಳಿದರು.

"ನೋಡಮ್ಮ, ಬಳಕೆ ಕಡಿಮೆ ಆಗಿರೋದು ಸಿಗ್ನಲ್ ಕೆಟ್ಟಿರೋದಕ್ಕಾ, ಜನ ಇಲ್ಲದ್ದಕ್ಕಾ, ಅದನ್ನ ಹುಡುಕು. ಸಿಗ್ನಲ್ ಕೆಟ್ಟಿದ್ರೆ ರಿಪೇರಿ ಮಾಡು, ಬಳಕೆ ಏರಿದ್ರೆ ಟವರ್ ಇರಲಿ. ಸಿಗ್ನಲ್ ಸರಿ ಇದ್ರೆ ಒಳಗಿನ ಸಾಮಾನು ಬಿಚ್ಚಿಸಿ ಭಾಲ್ಕಿ ಸ್ಟೇಷನ್ನಿಗೆ ಹಾಕಿಸ್ತೀನಿ. ಅಲ್ಲಿ ಬೇಕಾಗಿದೆ."

ಹೀಗಾಗಿ ನನ್ನ ನೌಕರಿಯಲ್ಲಿ ಮೊದಲ ಬಾರಿಗೆ ಸಿಗ್ನಲ್ ಕೆಟ್ಟಿರಲಿ ಎಂದು ಹಾರೈಸುತ್ತ ಜೀಪು ಹತ್ತಿದೆ.

ಜೀಪು ಓಡಿಸುತ್ತಿದ್ದ ಚಾಚಾ ಬೀದರಿನವರೇ, ನಮ್ಮ ಅಪ್ಪನ ವಯಸ್ಸಿನವರು. ಸಂತಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೊಗರಿ ಮೊಳಕಾಲೆತ್ತರಕ್ಕೆ ಒಣಗಿ ನಿಂತಿತ್ತು.

ಟವರಿನ ಬುಡದಲ್ಲಿ ಕೂತು ಅಳೆದೆ. ಚುಕ್ಕೆಗಳು ಎಂಟು ಗುಂಪಾಗಿ ಅಚ್ಚುಕಟ್ಟಾಗಿ ಕೂತವು. ನನಗೆ ನಂಬಿಕೆ ಬರಲಿಲ್ಲ. ಕೇಬಲ್ಲಿನ ಜೋಡಣೆಗಳನ್ನು ಬಿಚ್ಚಿ ಒರೆಸಿ ಮತ್ತೆ ತಿರುಗಿಸಿದೆ. ಅಳೆದೆ. ಮತ್ತೂ ಅಚ್ಚುಕಟ್ಟಾಗಿ ಕೂತವು. ಗಡಿಯಾಚೆಯ ಯಾವುದೋ ಟವರು ಅದೇ ತರಂಗದಲ್ಲಿ ಅಡ್ಡ ಬರುತ್ತಿರಬಹುದೆಂದು ಕೈ ಆಂಟೆನಾ ಹಿಡಿದು ಉದಗೀರಿನ ದಿಕ್ಕಿಗೆ ಹೊಲ ಹೊಲ ತಿರುಗಿದೆ. ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ಕಾಲು ಸಿಕ್ಕಿ ಒಮ್ಮೆ ಬಿದ್ದೆ. ಆಂಟೆನಾ ಹಿಡಿದ ಕೈ ಮಾತ್ರ ಮೇಲಿತ್ತು. ಅದನ್ನು ನೋಡಿ ಚಾಚಾ, "ಅಲ್ಲಾಹ್, ಮಷೀನ್ ಉಳೀತು ನೋಡ್ ಬೇಟಾ, ಫಿಕರ್ ಇಲ್ಲ" ಎಂದರು. ಗಡಿಯ ಆಚೆಯಿಂದಲೂ ಏನೂ ಬರುತ್ತಿರಲಿಲ್ಲ. ಆ ಕಡೆಯ ಹಳ್ಳಿಗಳೂ ಖಾಲಿಯಾಗಿದ್ದವು, ಅಡ್ಡ ಬರುವಷ್ಟು ಮಾತು ಅಲ್ಲಿಯೂ ಇರಲಿಲ್ಲ.

ಮೂರ್ನಾಲ್ಕು ಸಲ ಹೋಗಿಬಂದೆ. ಹೋದಾಗಲೆಲ್ಲ ಹಗಲು, ಹೋದಾಗಲೆಲ್ಲ ಸಿಗ್ನಲ್ ಅಪ್ಪಟ. ಇಷ್ಟು ಚೆಂದದ ಸಿಗ್ನಲ್ ಬೀದರ್ ಪೇಟೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಕೊನೆಗೆ ಸಂಜೆಯವರೆಗೆ ಉಳಿಯೋಣ ಎಂದು ನಿರ್ಧರಿಸಿದೆ. ಟವರಿಗೆ ಹತ್ತಿರ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಒಡತಿ ನನಗಿಂತ ಹತ್ತೆಂಟು ವರ್ಷ ದೊಡ್ಡವರು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ಬೀಸಲು ಜೋಳವಿಲ್ಲದೆ ಗಿರಣಿಯ ಪಟ್ಟಿ ಬಿಚ್ಚಿ ಗೋಡೆಗೆ ತೂಗುಹಾಕಿದ್ದರು. ಗಂಡ ಹೈದರಾಬಾದಿನಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಊರಿನ ಅರ್ಧ ಜನ ಅಲ್ಲೇ ಒಂದೇ ತಗಡಿನ ಸಾಲಿನಲ್ಲಿ ಇದ್ದರು. ದೂರು ಕೊಡುತ್ತಿದ್ದವರೂ ಈ ಗಿರಣಿ ಅಕ್ಕನೇ ಎಂದು ಆವತ್ತು ತಿಳಿಯಿತು. ನಾನು ಅಂಗಳದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರೆ ಅವರು ಅರ್ಧ ಲೋಟ ಚಹಾ ತಂದಿಟ್ಟರು. ನಾನು ಬೇಡವೆಂದೆ. ಆ ಚಹಾದ ನೀರು ಟ್ಯಾಂಕರಿನದು, ಅದಕ್ಕೆ ಅವರು ಎಷ್ಟು ಹೊತ್ತು ಪಾಳಿ ನಿಂತಿದ್ದರೆಂದು ನಾನು ನೋಡಿದ್ದೆ.

"ಕುಡೀರಿ ಬಾಯಿ. ನೀರಿಲ್ಲಂತ ಮನಿಗಿ ಬಂದವರಿಗಿ ಚಾ ಕೊಡದೆ ಇರ್ಲಾಕ್ ಆಗ್ತದೇನ್ರಿ?" ನಮ್ಮ ಕಡೆ ನೌಕರಿಯ ಹೆಂಗಸರನ್ನು 'ಬಾಯಿ' ಎಂದೇ ಕರೆಯುತ್ತಾರೆ.

"ಫೋನ್ ಯಾವ ಟೈಮಿಗಿ ಹತ್ತಲ್ಲರಿ ಅಕ್ಕಾ?"

"ದೀಪಾ ಹಚ್ಚೋ ಟೈಮಿಗಿ ನೋಡ್ರಿ. ಉಳಿದ ಟೈಮಿನಾಗ ನಮಗ ಯಾರ್ ಫೋನ್ ಮಾಡ್ತಾರರಿ?"

ಹೊತ್ತು ಮುಳುಗಿತು. ಅಕ್ಕ ಒಳಗೆ ಹೋಗಿ ಬಸವಣ್ಣನ ಫೋಟೋದ ಮುಂದೆ ದೀಪ ಹಚ್ಚಿ ಬಂದು, ಫೋನನ್ನು ಖಾಲಿ ಚೀಲದ ಮೇಲೆ ಇಟ್ಟುಕೊಂಡು ಕೂತರು. ಓಣಿಯ ಉದ್ದಕ್ಕೂ ಹೆಂಗಸರು ಹೀಗೇ ಹೊಸ್ತಿಲ ಮೇಲೆ ಬಂದು ಕೂತದ್ದು ಕಾಣಿಸಿತು. ಎಲ್ಲರ ಮುಂದೆಯೂ ಒಂದೊಂದು ಫೋನು. ಅಷ್ಟರಲ್ಲಿ ಯಾವುದೋ ಮನೆಯಲ್ಲಿ ರಿಂಗಾಯಿತು, ತಕ್ಷಣ ನಿಂತಿತು. "ಬಂತ್!" ಎಂದು ಆ ಮನೆಯವಳು ಕೂಗಿದಳು. ಇನ್ನೊಂದು ಮನೆಯಲ್ಲಿ ರಿಂಗು, ಇನ್ನೊಂದು "ಬಂತ್!" ಅಕ್ಕನ ಫೋನೂ ಒಮ್ಮೆ ಕೂಗಿತು. ಅವರು ಕೆಂಪು ಗುಂಡಿ ಒತ್ತಿ ಕಟ್ ಮಾಡಿ, "ಬಂತ್ರವ್ವಾ" ಎಂದು ಓಣಿಗೆ ಕೇಳುವಂತೆ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು. ಎದುರು ಮನೆಯ ಸೊಸೆಯ ಫೋನು ಮಾತ್ರ ಕೂಗಲಿಲ್ಲ. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಯಾಕ ಕಟ್ ಮಾಡಿದ್ರಿ? ಮಾತಾಡ್ಲೇ ಇಲ್ಲಲ್ಲ?"

"ಮಾತಾಡ್ಲಾಕ್ ಏನ್ ಆಗ್ಯಾದ್ರಿ ಬಾಯಿ? ಎತ್ತಿದ್ರ ರೊಕ್ಕ ಹೋಗ್ತದ. ರಿಂಗ್ ಬಂತಂದ್ರ ಅವರು ಛಲೋ ಅದಾರ. ಕಟ್ ಆಯ್ತಂದ್ರ ನಾವು ಛಲೋ ಅದೀವಿ. ಎತ್ತೋದು ಬರೇ ಸತ್ರ, ಕೆಟ್ರ."

ನಾನು ಪರದೆ ನೋಡಿದೆ. ಚುಕ್ಕೆಗಳು ಒಂದಿಷ್ಟೂ ಅಲುಗಿರಲಿಲ್ಲ. ಆದರೆ ಅದರ ಪಕ್ಕದ ಕಿಟಕಿಯಲ್ಲಿ ಟವರು ಮತ್ತು ಫೋನುಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಸಂದೇಶಗಳು ಸರಸರನೆ ಓಡುತ್ತಿದ್ದವು: ಕೇಳಿಕೆ, ನಿರಾಕರಣೆ, ಮತ್ತೆ ಕೇಳಿಕೆ, ಮತ್ತೆ ನಿರಾಕರಣೆ. ಕರೆ ಬಂದಾಗ ಪ್ರತಿ ಫೋನೂ ಮೊದಲು ಟವರಿಗೆ "ನಾನಿಲ್ಲೇ ಇದ್ದೇನೆ" ಎಂದು ಹೇಳಬೇಕು. ಹಾಗೆ ಹೇಳಲು ಟವರಿನಲ್ಲಿ ಒಂದು ಚಿಕ್ಕ ಬಾಗಿಲಿದೆ. ಮಾತಾಡುವ ದೊಡ್ಡ ಕೋಣೆಗಳೆಲ್ಲ ಖಾಲಿ ಬಿದ್ದಿದ್ದವು, ಈ ಚಿಕ್ಕ ಬಾಗಿಲಲ್ಲಿ ಮಾತ್ರ ಇಡೀ ಊರು ಒಂದೇ ಗಳಿಗೆಗೆ ನುಗ್ಗಿ ಸಿಕ್ಕಿಹಾಕಿಕೊಂಡಿತ್ತು. ದೀಪ ಹಚ್ಚುವ ಹೊತ್ತು ಎಲ್ಲರಿಗೂ ಒಂದೇ ಅಲ್ಲವೇ? ಒಳಗೆ ಹೋಗಲು ಆಗದವರ ರಿಂಗು ಊರಿಗೆ ತಲುಪುತ್ತಲೇ ಇರಲಿಲ್ಲ.

ನನಗೆ ನನ್ನ ಮೇಲೆಯೇ ನಗು ಬಂತು. ಅದೇ ಮಧ್ಯಾಹ್ನ ಊರು ಮುಟ್ಟಿದ ಕೂಡಲೇ ನಾನು ಅವ್ವನಿಗೆ ಒಂದು ರಿಂಗು ಕೊಟ್ಟಿದ್ದೆ. ಅವ್ವ ಕಟ್ ಮಾಡಿದ್ದಳು. ನಮ್ಮ ಮನೆಯಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುವ ಹೊತ್ತಿಗೆ ನಾನಿನ್ನೂ ದಾರಿಯಲ್ಲಿದ್ದರೆ ಇನ್ನೊಂದು ರಿಂಗು. ನೌಕರಿಗೆ ಸೇರಿದಾಗಿನಿಂದ ನಾವಿಬ್ಬರು ಹೀಗೇ ಇದ್ದೆವು, ಜಿಲ್ಲೆಯೆಲ್ಲ ಹೀಗೇ ಇತ್ತು. ಅಷ್ಟಿದ್ದೂ ನಾನು ಗಡಿಯಾಚೆ ಕಳ್ಳನನ್ನು ಹುಡುಕುತ್ತ ಹೊಲದಲ್ಲಿ ಬಿದ್ದು ಎದ್ದಿದ್ದೆ.

ಆವತ್ತು ಬೀದರಿಗೆ ಮರಳುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ತೊಂದರೆ ಸಿಕ್ಕಿತ್ತು, ತೊಂದರೆ ಇದೆಯೆಂದರೆ ಟವರು ಉಳಿಯುತ್ತದೆ. ಬೆಳಿಗ್ಗೆ ಮೇಲಧಿಕಾರಿಗೆ ಫೋನು ಮಾಡಿ, ಬಾಗಿಲು ಅಗಲ ಮಾಡಲು ಟವರಿನ ಪೆಟ್ಟಿಗೆಗೆ ಹಾಕುವ ಇನ್ನೊಂದು ಸರ್ಕ್ಯೂಟ್ ಕಾರ್ಡು ಕಳಿಸಿ ಎಂದೆ. ದುಡಿಯದ ಟವರಿಗೆ ಕಾರ್ಡು ಎಲ್ಲಿಂದ ತರಲಿ ಎಂದರು. ಹಾಗಾದರೆ ಜನರನ್ನೇ ಬಿಡಿಬಿಡಿಯಾಗಿ ಕಳಿಸುತ್ತೇನೆ ಎಂದು ನಾನು ಹಟ ಹಿಡಿದೆ.

ಗಿರಣಿ ಅಕ್ಕ ಒಂದೇ ಮಾತಿಗೆ ಒಪ್ಪಿದರು. ಗುಡಿ ಓಣಿಯವರು ದೀಪ ಹಚ್ಚುವಾಗ, ಬೌದ್ಧರ ಓಣಿಯವರು ಒಲೆ ಹೊತ್ತಿಸುವಾಗ, ಬಾವಿ ಓಣಿಯವರು ಊಟ ಮುಗಿದ ಮೇಲೆ. ಹೈದರಾಬಾದಿನಲ್ಲಿ ಇದ್ದವರಿಗೆ ಸುದ್ದಿ ಮುಟ್ಟಿಸಿದ್ದು ಬಸ್ಸು. ಆ ಊರಿನಿಂದ ವಾರಕ್ಕೊಮ್ಮೆ ಒಣಗಿಸಿದ ಕಟಿ ರೊಟ್ಟಿಯ ಗಂಟುಗಳು ಕಂಡಕ್ಟರನ ಕೈಯಲ್ಲಿ ಹೋಗುತ್ತಿದ್ದವು, ಆ ವಾರ ಗಂಟುಗಳ ಜೊತೆ ಈ ಮಾತೂ ಹೋಯಿತು. ಮುಂದಿನ ವಾರ ನಾನು ಅದೇ ಅಂಗಳದಲ್ಲಿ ಕೂತು ನೋಡಿದೆ. ಬಾಗಿಲಲ್ಲಿ ನೂಕುನುಗ್ಗಲು ಇರಲಿಲ್ಲ, ಒಂದು ನಿರಾಕರಣೆಯೂ ಇರಲಿಲ್ಲ. ಓಣಿಯಿಂದ ಓಣಿಗೆ "ಬಂತ್, ಬಂತ್" ಎಂಬ ಕೂಗು ರಾತ್ರಿ ಊಟದವರೆಗೆ ನಡೆಯಿತು. ಎದುರು ಮನೆಯ ಸೊಸೆಯ ಫೋನೂ ಕೂಗಿತು. ಆಕೆ ಕಟ್ ಮಾಡುವುದನ್ನೇ ಮರೆತು ಅದನ್ನು ಎದೆಗೆ ಒತ್ತಿಕೊಂಡಾಗ ಅಕ್ಕ, "ಕಟ್ ಮಾಡೇ ಹುಚ್ಚಿ, ಅಲ್ಲಿ ಅವನ ಜೀವಾ ಹೋಗ್ಲತ್ತದ" ಎಂದು ಗದರಿದರು. ಎಲ್ಲರೂ ನಕ್ಕರು. ಆ ಊರಿನಲ್ಲಿ ನಾನು ನಗು ಕೇಳಿದ್ದು ಅದೊಂದೇ ಸಲ.

ಖುಷಿ ಉಳಿಯಲಿಲ್ಲ. ಮೇಲಧಿಕಾರಿ ಹೊಸ ಲೆಕ್ಕ ನೋಡಿ ಫೋನು ಮಾಡಿದರು. ಸಿಗ್ನಲ್ ಸರಿ ಇದೆ, ದೂರು ತೀರಿದೆ, ಬಳಕೆ ಮಾತ್ರ ಏರಿಲ್ಲ ಎಂದರು. ದಿನಾ ಇಡೀ ಊರು ಬಳಸುತ್ತಿದೆಯಲ್ಲ ಸಾರ್ ಎಂದೆ.

"ರಿಂಗು ಬಳಕೆ ಅಲ್ಲಮ್ಮ. ಎತ್ತಿ ಮಾತಾಡಿದ್ರೆ ಬಳಕೆ."

ನಾನು ಜಗಳವಾಡಿದೆ. ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದು, ಟವರು ತೆಗೆಯಬಾರದು ಎಂದು ಕೆಳಗೆ ಗೆರೆ ಎಳೆದು ಕಳಿಸಿದೆ. ಅವರೂ ಕೆಟ್ಟ ಮನುಷ್ಯರಲ್ಲ. ಅವರ ಮೇಲೆ ಇನ್ನೊಬ್ಬರಿದ್ದರು, ಆ ಇನ್ನೊಬ್ಬರ ಮುಂದೆ ಇದ್ದದ್ದೂ ಅದೇ ನೆಲಕ್ಕಂಟಿದ ಗೆರೆ. ಎತ್ತಿದ ಕರೆ ಮಾತ್ರ ಅವರ ಕಣ್ಣಿಗೆ ಕಾಣುತ್ತಿತ್ತು. ಆ ಊರಿನಲ್ಲಿ ಫೋನು ಎತ್ತಬೇಕಾದರೆ ಯಾರಾದರೂ ಸಾಯಬೇಕಿತ್ತು. ಕಂಪನಿಯ ಲೆಕ್ಕದಲ್ಲಿ ಈ ಊರು ಬದುಕಿದೆ ಎಂದು ಕಾಣಬೇಕಾದರೆ ಊರಿನಲ್ಲಿ ಹೆಣ ಬೀಳುತ್ತಿರಬೇಕಿತ್ತು.

ಮತ್ತೆ ಊರಿಗೆ ಓಡಿದೆ. ಗಿರಣಿ ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಒಂದಷ್ಟು ದಿನ ಎಲ್ಲರೂ ಎತ್ತಿ ಎರಡು ಮಾತಾಡಿ, ಇಲ್ಲದಿದ್ದರೆ ಟವರು ಹೋಗುತ್ತದೆ ಎಂದೆ. ಅವರು ಫೋನನ್ನು ಕೈಯಲ್ಲಿ ತಿರುವಿ ನೋಡಿದರು.

"ಎತ್ತಿದ್ರ ಅವರ ಎದಿ ಒಡೀತದ್ರಿ ಬಾಯಿ."

"ರೊಟ್ಟಿ ಗಂಟಿನ ಕೂಡ ಹೇಳಿ ಕಳಿಸ್ರಿ ಅಕ್ಕಾ."

"ಗಂಟು ಹೋಗ್ಲಾಕ್ ಇನ್ನಾ ದಿನ ಅದಾವ. ಅಲ್ಲೀಮಟ ನಿಮ್ಮವರು ತಡೀತಾರೇನ್ರಿ?"

ತಡೆಯುವ ಭರವಸೆ ನನಗೂ ಇರಲಿಲ್ಲ. ಕೊನೆಗೆ ಅವರೇ, "ಆಗ್ಲಿ, ಇವತ್ತ ನಾನೇ ಎತ್ತಿ ನೋಡ್ತೇನಿ" ಎಂದರು.

ದೀಪ ಹಚ್ಚಿದರು. ಫೋನು ಕೂಗಿತು. ಅಕ್ಕ ನನ್ನ ಮುಖ ನೋಡಿ, ಹಸಿರು ಗುಂಡಿ ಒತ್ತಿ, "ಹಲೋ" ಎಂದರು. ಅಷ್ಟೇ. ಆ ಕಡೆಯ ಗಂಡಸಿನ ದನಿ ಅಂಗಳದ ಈ ತುದಿಯಲ್ಲಿ ಕೂತ ನನಗೂ ಕೇಳಿಸಿತು.

"ಯಾರ್ ಹೋದ್ರು? ಹೇಳು, ಯಾರ್ ಹೋದ್ರು?"

"ಯಾರೂ ಇಲ್ಲ, ಯಾರೂ ಹೋಗಿಲ್ಲ. ಎಲ್ಲಾರೂ ಛಲೋ ಅದೀವಿ, ಟವರಿನ ಸಲುವಾಗಿ..."

"ಸುಳ್ಳ್ ಹೇಳಬ್ಯಾಡ! ನಿಂಗೇನರ ಆಗ್ಯಾದೇನು?"

ಆತ ಅಳತೊಡಗಿದ್ದ. ಅಕ್ಕ ಏನೇನೋ ಹೇಳುತ್ತಲೇ ಇದ್ದರು, ಆತನ ಫೋನಿನಲ್ಲಿ ಇದ್ದಬದ್ದ ಕರೆನ್ಸಿ ತೀರಿ ಮಾತು ನಡುವೆಯೇ ತುಂಡಾಯಿತು. ನನ್ನ ಪರದೆಯ ಮೇಲೆ ಆ ಕರೆ ಎಲ್ಲ ರೀತಿಯಿಂದಲೂ ದೋಷವಿಲ್ಲದ ಕರೆ. ಒಂದು ಚುಕ್ಕೆಯೂ ಜಾಗ ಬಿಟ್ಟಿರಲಿಲ್ಲ. ಅಕ್ಕ ಫೋನನ್ನು ಚೀಲದ ಮೇಲೆ ಮಕಾಡೆ ಇಟ್ಟರು.

"ಇನ್ನೊಮ್ಮಿ ಹೀಂಗ ಹೇಳಬ್ಯಾಡ್ರಿ ಬಾಯಿ," ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಂಡಂತೆ.

ಮರುದಿನದಿಂದ ಮತ್ತೆ ರಿಂಗು, ಮತ್ತೆ ಕಟ್.

ಆಮೇಲೆ ನನ್ನನ್ನು ಭಾಲ್ಕಿಗೆ ಕಳಿಸಿದರು. ಸ್ಟೇಷನ್ ಪಕ್ಕದ ಟವರಿಗೆ ಹೆಚ್ಚಿನ ಸಾಮಾನು ಬಂದಿತ್ತು. ಜೋಡಿಸುವವರು ಜೋಡಿಸಿದರು, ನಾನು ಅಳೆದೆ, ಚುಕ್ಕೆಗಳು ಸೊಗಸಾಗಿ ಕೂತವು. ಸಾಮಾನು ಹೊಸದಲ್ಲ, ಆದರೆ ನನ್ನ ವರದಿಗೆ ಉತ್ತರ ಕೊಡದೆ ಆ ಊರಿನ ಟವರು ಬಿಚ್ಚಲಾರರು ಎಂದುಕೊಂಡು ಎಲ್ಲಿಯದು ಎಂದು ಕೇಳಲಿಲ್ಲ. ವಸತಿಗೃಹದಲ್ಲಿ ಎರಡು ದಿನ ಬಕೆಟ್ ನೀರಿಗಾಗಿ ಮಾಲೀಕನ ಜೊತೆ ಜಗಳವಾಡಿ, ಮೂರನೆಯ ಬೆಳಿಗ್ಗೆ ಬೀದರಿನ ಕಚೇರಿಗೆ ಬಂದು ಕಂಪ್ಯೂಟರ್ ತೆರೆದೆ. ನಕ್ಷೆಯಲ್ಲಿ ಸಂತಪುರದಾಚೆಯ ಆ ಟವರು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಪೆಟ್ಟಿಗೆಗಳನ್ನೇ ನಾನು ಭಾಲ್ಕಿಯಲ್ಲಿ ಅಳೆದು ಸರಿಯಿದೆ ಎಂದು ಬರೆದು ಬಂದಿದ್ದೆ. ನನಗೂ ಯಾರೂ ಹೇಳಿರಲಿಲ್ಲ, ಊರಿಗೂ ಯಾರೂ ಹೇಳಿರಲಿಲ್ಲ.

ಎರಡು ಸಂಜೆ ಕಳೆದಿದ್ದವು. ಎರಡು ಸಂಜೆಯೂ ಹೈದರಾಬಾದಿನ ತಗಡಿನ ಸಾಲಿನಲ್ಲಿ ಎಲ್ಲರೂ ಊರಿಗೆ ರಿಂಗು ಕೊಟ್ಟಿರುತ್ತಾರೆ. ಒಬ್ಬರಿಗೂ ಹೋಗಿರುವುದಿಲ್ಲ.

"ಚಾಚಾ," ಎಂದೆ. ಬೂದಿ ಟವರಿನ ಮೇಲೆ ಬೆರಳಿಟ್ಟು, ಹೈದರಾಬಾದಿನವರ ರಿಂಗು ನಿಂತದ್ದನ್ನು ಹೇಳತೊಡಗಿದೆ. ಅರ್ಧಂಬರ್ಧ ಕೇಳಿಸಿಕೊಂಡ ಚಾಚಾ ಕೀಲಿ ತೆಗೆದುಕೊಂಡು ಎದ್ದರು. "ಬಸ್ ಸ್ಟ್ಯಾಂಡಿಗಿ ನಡಿ ಬೇಟಾ. ಹೈದರಾಬಾದ್ ಗಾಡಿ ಅಲ್ಲೇ ಬರ್ತಾವ, ಬರೋರು ಅಲ್ಲೇ ಇಳೀತಾರ."

ಅವರು ಅಲ್ಲಿದ್ದರು. ಔರಾದ್ ಬಸ್ಸು ನಿಲ್ಲುವ ಜಾಗದಲ್ಲಿ ಇಪ್ಪತ್ತು ಮೂವತ್ತು ಮಂದಿ, ಗಂಡಸರು, ಹೆಂಗಸರು, ಕೈಕಾಲಿಗೆ ಸಿಮೆಂಟು ಹಾಗೇ ಅಂಟಿತ್ತು. ನಾನು ಹತ್ತಿರ ಹೋಗಿ ಊರಿನ ಹೆಸರು ಹೇಳಿ, ನೀವು ಅಲ್ಲಿಯವರೇ ಎಂದು ಕೇಳಿದೆ. ಒಬ್ಬ ಮುದುಕ ಕೈಮುಗಿದು ಎದ್ದು ನಿಂತ.

"ಹೌದ್ರಿ ತಾಯಿ. ಊರಾಗ ಏನ್ ಆಗ್ಯಾದ್ರಿ? ಟ್ಯಾಂಕರ್ ನೀರ್ ಕುಡ್ದು ಊರಿಗಿ ಊರೇ ಹೋಯ್ತಂತಾರ, ಖರೇ ಏನ್ರಿ?"

ಯಾರು ಹಾಗೆಂದರೋ ಗೊತ್ತಿಲ್ಲ. ಒಂದೂ ರಿಂಗು ಹೋಗದ ಊರಿನ ಬಗ್ಗೆ ತಗಡಿನ ಸಾಲಿನಲ್ಲಿ ಏನು ಬೇಕಾದರೂ ಹುಟ್ಟಿರಬಹುದು. ಏನೂ ಆಗಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ, ಟವರು ಬಂದ್ ಆಗಿದೆ ಎಂದು ಕೂಗಿ ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸರ್ಕಾರದವರು, ಕಂಪನಿಯವರು ಎಲ್ಲ ಚೆನ್ನಾಗಿದೆ ಎನ್ನುವುದನ್ನು ಅವರು ಎಷ್ಟು ಸಲ ಕೇಳಿಲ್ಲ? ನಾನೂ ನಂಬುತ್ತಿರಲಿಲ್ಲ.

ಹಿಂದೆ, ಕಂಬಕ್ಕೆ ಒರಗಿ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ಕೊರಳಲ್ಲಿ ಲಿಂಗ, ಮಡಿಲಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹೊಸ ಹಸಿರು ಸೀರೆ ಕಾಣಿಸುತ್ತಿತ್ತು. ನಮ್ಮ ಕಡೆ ಮುತ್ತೈದೆ ಸತ್ತರೆ ಹಸಿರು ಸೀರೆ ಹೊದಿಸಿ ಕಳಿಸುತ್ತಾರೆ, ಅದು ಬೇರೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ನನಗೆ ತಟ್ಟನೆ ಗೊತ್ತಾಯಿತು.

"ಗಿರಣಿಯವರೇನ್ರಿ?"

ಆತ ತಲೆಯೆತ್ತಿದ. "ಆವತ್ತ ಫೋನ್ ಎತ್ತಿದಾಗೇ ನಂಗ್ ತಿಳೀತ್ರಿ. ಏನೂ ಆಗಿಲ್ಲ ಅಂದಳು. ಏನೂ ಆಗದೆ ಎತ್ತತಾಳೇನ್ರಿ?"

ಬಸ್ಸಿಗೆ ಕಾಯಲು ನನಗೆ ಧೈರ್ಯವಿರಲಿಲ್ಲ. ಆತನನ್ನೂ ಮುದುಕನನ್ನೂ ಹಿಡಿಸುವಷ್ಟು ಮಂದಿಯನ್ನೂ ಚಾಚಾ ಜೀಪಿಗೆ ತುಂಬಿಕೊಂಡರು. ಗಿರಣಿಯ ಮುಂದೆ ಜೀಪು ನಿಂತಾಗ ಅಕ್ಕ ಕಟ್ಟೆಯ ಮೇಲೆ ಕೂತಿದ್ದರು. ಎರಡು ಸಂಜೆ ರಿಂಗು ಬರದೆ ಅವರ ಮುಖವೂ ಇಳಿದುಹೋಗಿತ್ತು. ಗಂಡ ಇಳಿದದ್ದು ನೋಡಿ ಎದ್ದು ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ, ಓಣಿಯಲ್ಲಿ ಜನವಿತ್ತು. ಅಕ್ಕನ ಕಣ್ಣು ಚೀಲದ ಮೇಲೆ ಬಿತ್ತು. ಆತ ಅದನ್ನು ಬೆನ್ನಿನ ಹಿಂದೆ ಮರೆಮಾಡಲು ನೋಡಿದ. ಅಕ್ಕ ಹೋಗಿ ಚೀಲವನ್ನು ಕೈಯಿಂದ ತೆಗೆದುಕೊಂಡು, ಸೀರೆಯನ್ನು ಹೊರಗೆಳೆದು, ಅಂಚನ್ನು ಬೆರಳಲ್ಲಿ ಸವರಿದರು.

"ಬಣ್ಣ ಛಲೋ ಅದ," ಎಂದರು.

ಟವರು ಮತ್ತೆ ಹತ್ತಲಿಲ್ಲ. ನಾನು ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟು ಬಂದವರನ್ನು ಹೈದರಾಬಾದಿನ ಮೇಸ್ತ್ರಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆ ಜಾಗಕ್ಕೆ ಬೇರೆ ಊರಿನವರು ಆಗಲೇ ಬಂದಿದ್ದರು. ಇಲ್ಲಿ ನೀರಿಲ್ಲ, ಅಲ್ಲಿ ಕೆಲಸವಿಲ್ಲ. ಸ್ವಲ್ಪ ದಿನ ಊರಿನಲ್ಲೇ ಇದ್ದು, ಒಬ್ಬೊಬ್ಬರಾಗಿ ಬೇರೆ ಬೇರೆ ದಿಕ್ಕಿಗೆ ಹೋದರೆಂದು ಚಾಚಾನಿಂದ ಕೇಳಿದೆ.

ಬೇಸಿಗೆಯ ಕೊನೆಯಲ್ಲಿ ಭಾಲ್ಕಿ ಸ್ಟೇಷನ್ನಿನ ಟವರಿನ ತಿಂಗಳ ತಪಾಸಣೆಗೆ ಹೋಗಿದ್ದೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಾಗ ಎದುರಿಗೆ ಹಸಿರು ಸೀರೆಯೊಂದು ಬಂದು ನಿಂತಿತು. ಗಿರಣಿ ಅಕ್ಕ. ಗಂಡ ಗಂಟುಗಳ ಪಕ್ಕ ಬೀಡಿ ಸೇದುತ್ತ ಕೂತಿದ್ದರು. ಪುಣೆಗೆ ಹೊರಟಿದ್ದೇವೆ, ಗಿರಣಿಗೆ ಕೀಲಿ ಹಾಕಿದ್ದೇವೆ ಎಂದರು. ಅವರ ಟವರಿನ ಸಾಮಾನು ಇಲ್ಲಿಗೆ ಬಂದದ್ದು ಚಾಚಾನಿಂದ ಅವರಿಗೂ ತಿಳಿದಿತ್ತು, ನನ್ನ ಪರದೆಯ ಕಡೆ ಬಗ್ಗಿ ನೋಡಿದರು.

"ಇದು ನಮ್ಮೂರಿಂದೇ ಏನ್ರಿ?"

ನಾನು ಹೌದೆಂದೆ. ಅವರು ಚುಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಛಲೋ ಕೂತಾವಲ್ಲರಿ. ಈಗ ನಮಗ ರಿಂಗ್ ಕೊಡ್ಲಾಕ್ ಊರಾಗ ಯಾರೂ ಇಲ್ಲ. ನಿಮ್ ನಂಬರ್ ಅದ. ಗಾಡಿ ಹತ್ತಿದ್ ಮ್ಯಾಲ ನಿಮಗೇ ಒಂದ್ ರಿಂಗ್ ಕೊಡ್ತೇನಿ, ನಡೀತದೇನ್ರಿ?"

ನಡೀತದ ಅಕ್ಕಾ ಎಂದೆ. ರೈಲು ಬಂತು, ನೂಕುನುಗ್ಗಲಿನಲ್ಲಿ ಹಸಿರು ಸೀರೆ ಒಳಗೆ ಹೋಯಿತು, ರೈಲು ಹೊರಟಿತು. ಸ್ಟೇಷನ್ನಿನಲ್ಲಿ ದೀಪ ಹತ್ತಿದ್ದವು. ನನ್ನ ಫೋನು ಕೂಗಿತು. ಆ ರಿಂಗು ಅವರ ಊರಿನ ಪೆಟ್ಟಿಗೆಯನ್ನೇ ಹಾದು, ಎಳ್ಳಷ್ಟೂ ಕೆಡದೆ ನನಗೆ ಬಂದಿತ್ತು. ಎತ್ತಿಬಿಡಬೇಕು, ಎತ್ತಿ ಏನಾದರೂ ಹೇಳಬೇಕು ಅನ್ನಿಸಿತು. ಎತ್ತಿದರೆ ಅವರು ಹೆದರುತ್ತಾರೆ. ಕೆಂಪು ಗುಂಡಿ ಒತ್ತಿ ಕಟ್ ಮಾಡಿ, ಚೆನ್ನಾಗಿದ್ದೇನೆ ಎಂಬ ಸುಳ್ಳು ಹೇಳಿದೆ.